ಹಳೆಯ ಹೆಂಚಿನ ಮನೆಯ ತಲೆಬಾಗಿಲು: ಬದಲಾಯಿಸುವ ಖರ್ಚು, ಉಳಿಸಿಕೊಳ್ಳುವ ಲೆಕ್ಕ

ಮಲೆನಾಡು ಮತ್ತು ಕರಾವಳಿಯ ಹಳೆಯ ಹೆಂಚಿನ ಮನೆಗಳಲ್ಲಿ ದುರಸ್ತಿಯ ಪ್ರಸ್ತಾಪ ಬಂದಾಗ ಮಾಡಿನ ನಂತರ ಚರ್ಚೆಗೆ ಬರುವುದು ತಲೆಬಾಗಿಲು. ಮಾಡಿನ ಖರ್ಚನ್ನು ಚದರ ಅಡಿಯ ಲೆಕ್ಕದಲ್ಲಿ ಅಂದಾಜು ಮಾಡಲು ಸಾಧ್ಯವಿದ್ದರೂ ಬಾಗಿಲಿನ ಖರ್ಚು ಹಾಗೆ ಒಂದೇ ಅಂಕಿಯಲ್ಲಿ ಹಿಡಿಯಲು ಸಿಗುವುದಿಲ್ಲ. ಒಂದೇ ಅಳತೆಯ ಎರಡು ಬಾಗಿಲುಗಳಲ್ಲಿ ಒಂದರ ಕೆಲಸ ಹತ್ತು ಹನ್ನೆರಡು ಸಾವಿರಕ್ಕೆ ಮುಗಿದರೆ ಇನ್ನೊಂದರದ್ದು ಲಕ್ಷ ಮುಟ್ಟುವುದುಂಟು. ಬಾಗಿಲು ಎಂದು ಒಟ್ಟಾಗಿ ಕರೆಯುವುದರಲ್ಲಿ ಬೇರೆ ಬೇರೆಯಾಗಿ ಹಾಳಾಗುವ, ಬೇರೆ ಬೇರೆಯವರು ದುರಸ್ತಿ ಮಾಡುವ ಮೂರು ಸಂಗತಿಗಳು ಸೇರಿರುವುದೇ ಈ ಅಂತರಕ್ಕೆ ಕಾರಣ. ತೆರೆದು ಮುಚ್ಚುವ ಭಾಗ ಕದ. ಕದವನ್ನು ಹೊತ್ತು ನಿಂತಿರುವ ಮರದ ಚೌಕಟ್ಟಿಗೆ ಬಾಗಿಲುವಾಡ ಎಂಬ ಹೆಸರಿದ್ದು, ಕರಾವಳಿ ಮತ್ತು ಮಲೆನಾಡಿನ ಬಳಕೆಯಲ್ಲಿ ಅದು ದಾರಂದ; ಎರಡು ನಿಲುವು ಮರ, ಮೇಲೊಂದು ಅಡ್ಡಮರ, ಕೆಳಗೆ ಹೊಸ್ತಿಲು ಸೇರಿ ಅದು ಪೂರ್ಣವಾಗುತ್ತದೆ. ಮೂರನೆಯದು ದಾರಂದವನ್ನು ಹಿಡಿದುಕೊಂಡಿರುವ ಗೋಡೆ. ಈ ಮೂರರಲ್ಲಿ ಯಾವುದು ಕೆಟ್ಟಿದೆ, ಎಷ್ಟು ಕೆಟ್ಟಿದೆ ಎಂಬುದನ್ನು ಬಿಡಿಸಿ ನೋಡದೆ ಇಡೀ ಬಾಗಿಲನ್ನು ಕಿತ್ತು ಹೊಸದು ಕೂರಿಸುವ ನಿರ್ಧಾರ ಮಾಡಿದಲ್ಲಿ ಕೆಡದಿದ್ದ ಎರಡು ಭಾಗಗಳ ಖರ್ಚನ್ನೂ ಮನೆಯವರೇ ಹೊರಬೇಕಾಗುತ್ತದೆ.

ಹಳೆಯ ತಲೆಬಾಗಿಲುಗಳು ಬಹುಮಟ್ಟಿಗೆ ಕೆಳಗಿನಿಂದ ಕೆಡುತ್ತವೆ. ಮರದ ನಾರುಗಳು ಉದ್ದಕ್ಕೆ ಸಾಗಿರುವುದರಿಂದ ಕೊರೆದ ತುದಿಯಲ್ಲಿ ಅವುಗಳ ಬಾಯಿ ತೆರೆದೇ ಇರುತ್ತದೆ. ಆ ತುದಿ ನೀರನ್ನು ಮರದ ಪಕ್ಕದ ಮೈಗಿಂತ ಹಲವು ಪಟ್ಟು ವೇಗವಾಗಿ ಹೀರುತ್ತದೆ. ನಿಲುವು ಮರದ ಕೆಳತುದಿ ಹೊಸ್ತಿಲನ್ನು ಸೇರುವ ಮೂಲೆಯಲ್ಲಿ ಮಳೆಗಾಲವಿಡೀ ತೇವ ನಿಲ್ಲುವುದರಿಂದ ಕೊಳೆತವೂ ಗೆದ್ದಲೂ ಅಲ್ಲಿಂದಲೇ ಮೇಲೇರುತ್ತವೆ. ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಯುವ ಆಗುಂಬೆಯಂಥ ಕಡೆಯೂ ಹಳೆಯ ಬಾಗಿಲುಗಳು ತಲೆಮಾರುಗಳ ಕಾಲ ಉಳಿದಿದ್ದರೆ ಅದಕ್ಕೆ ಮರದ ಗುಣದಷ್ಟೇ ಕಟ್ಟಿದವರ ಎಚ್ಚರವೂ ಕಾರಣ: ಮಾಡಿನ ಇಳಿಜಾರು ಜಗಲಿಯನ್ನು ದಾಟಿ ಚಾಚಿರುತ್ತಿತ್ತು, ಹೊಸ್ತಿಲು ನೆಲಕ್ಕಿಂತ ಅರ್ಧ ಅಡಿಗೂ ಮೇಲೆ ಎದ್ದಿರುತ್ತಿತ್ತು, ಅದರ ಕೆಳಗೆ ಮಣ್ಣಿನ ಬದಲು ಕಲ್ಲು ಇರುತ್ತಿತ್ತು. ಈಚಿನ ದಶಕಗಳ ದುರಸ್ತಿಗಳು ಈ ಏರ್ಪಾಟನ್ನು ಅರಿವಿಲ್ಲದೆ ಕೆಡಿಸಿವೆ. ಹಳೆಯ ಕಾವಿ ನೆಲದ ಮೇಲೆ ಸಿಮೆಂಟ್ ಹಾಸಿ ಅದರ ಮೇಲೆ ಟೈಲ್ಸ್ ಹಾಕಿದಾಗ ನೆಲ ಎರಡು ಮೂರು ಅಂಗುಲ ಮೇಲೆದ್ದು ನಿಲುವಿನ ಬುಡ ಗಾರೆಯಲ್ಲಿ ಹೂತುಹೋಗುತ್ತದೆ. ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾವು ಬಳಿದಾಗ ಗೋಡೆಯೊಳಗಿನ ತೇವ ಹೊರಗೆ ಆರದೆ ಮರದ ಕಡೆಗೆ ಸರಿಯುತ್ತದೆ. ಹೀಗೆ ಕೆಟ್ಟ ದಾರಂದವನ್ನು ಕಿತ್ತು ಅದೇ ಜಾಗಕ್ಕೆ, ಅದೇ ಸಿಮೆಂಟಿನ ನಡುವೆ ಎಷ್ಟೇ ಒಳ್ಳೆಯ ಹೊಸ ಮರವನ್ನು ನಿಲ್ಲಿಸಿದರೂ ಅದೂ ಅದೇ ದಾರಿ ಹಿಡಿಯುತ್ತದೆ. ಆದ್ದರಿಂದ ಹೊಸ ಬಾಗಿಲಿನ ಅಂದಾಜಿನಲ್ಲಿ ನೀರಿನ ದಾರಿಯನ್ನು ತಪ್ಪಿಸುವ ಖರ್ಚು ಮೊದಲ ಸಾಲಿನಲ್ಲಿ ಇರಬೇಕು.

ಪರೀಕ್ಷೆಗೆ ಬೇಕಾದದ್ದು ಒಂದು ಸ್ಕ್ರೂಡ್ರೈವರ್ ಮತ್ತು ಸ್ವಲ್ಪ ತಾಳ್ಮೆ. ನಿಲುವು ಮರಗಳನ್ನು ಬುಡದಿಂದ ಆರಂಭಿಸಿ ಗೇಣಿಗೊಮ್ಮೆ ಚುಚ್ಚುತ್ತ ಮೇಲೆ ಹೋದರೆ, ಮೊನೆ ಸುಲಭವಾಗಿ ಇಳಿಯುವ ಮೆತ್ತನೆಯ ಮರ ಎಲ್ಲಿ ನಿಂತು ಗಟ್ಟಿ ಮರ ಎಲ್ಲಿಂದ ಶುರುವಾಗುತ್ತದೆ ಎಂಬುದು ಕೈಗೇ ತಿಳಿಯುತ್ತದೆ. ಸೀಮೆಸುಣ್ಣದಿಂದ ಅಲ್ಲೊಂದು ಗೆರೆ ಎಳೆಯಬೇಕು. ಹೊರಗಿನ ಬಣ್ಣ ನೆಟ್ಟಗಿದ್ದರೂ ಒಳಗೆ ಗೆದ್ದಲು ತಿಂದ ಮರ ಬೆರಳ ಗೆಣ್ಣಿನಿಂದ ತಟ್ಟಿದಾಗ ಟೊಳ್ಳು ಸದ್ದು ಕೊಡುತ್ತದೆ. ಸಣ್ಣ ಗುಂಡು ರಂಧ್ರಗಳಿದ್ದರೆ ಅದು ಕುಟ್ಟೆ ಹುಳುವಿನ ಕೆಲಸ. ರಂಧ್ರದ ಕೆಳಗೆ ನೆಲದ ಮೇಲೆ ಹೊಸ ಪುಡಿ ಉದುರುತ್ತಿದ್ದರೆ ಹುಳು ಇನ್ನೂ ಜೀವಂತವಾಗಿದೆ, ಇಲ್ಲದಿದ್ದರೆ ಅದು ಹಳೆಯ ಗಾಯ ಮಾತ್ರ. ಮರದ ನಡುಭಾಗದ ಗಟ್ಟಿ ತಿರುಳನ್ನು ಬಡಗಿಗಳು ಕೆಚ್ಚು ಎನ್ನುತ್ತಾರೆ, ತೊಗಟೆಯ ಕಡೆಯ ಎಳೆಯ ಭಾಗ ಬಿಳಿ. ಕುಟ್ಟೆ ಹುಳು ಸಾಮಾನ್ಯವಾಗಿ ಬಿಳಿಯನ್ನಷ್ಟೇ ತಿನ್ನುವುದರಿಂದ ರಂಧ್ರ ಕಂಡ ಮಾತ್ರಕ್ಕೆ ಇಡೀ ಮರ ಹೋಯಿತೆಂದು ತಿಳಿಯಬೇಕಾಗಿಲ್ಲ. ಅನೇಕ ಮನೆಗಳಲ್ಲಿ ಗೆರೆ ಎಳೆದ ಮೇಲೆ ಕಾಣುವುದು ಇಷ್ಟೇ: ಹೊಸ್ತಿಲು ಹೋಗಿದೆ, ಎರಡೂ ನಿಲುವುಗಳ ಬುಡ ಒಂದು ಗೇಣಿನಷ್ಟು ಹೋಗಿದೆ, ಉಳಿದ ಆರಡಿ ಮರ ಕಟ್ಟಿದ ದಿನದಷ್ಟೇ ಗಟ್ಟಿಯಾಗಿದೆ.

ಮಳೆಗಾಲದಲ್ಲಿ ಬಾಗಿಲು ಬಿಗಿಯಾಗುವುದನ್ನು ಮಾತ್ರ ಹಾಳಾದ ಗುರುತೆಂದು ಎಣಿಸಬಾರದು. ಮರವು ಗಾಳಿಯ ತೇವ ಹೀರಿ ಅಗಲಕ್ಕೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಉದ್ದದಲ್ಲಿ ಆಗುವ ವ್ಯತ್ಯಾಸ ಗಣನೆಗೆ ಸಿಗದಷ್ಟು ಚಿಕ್ಕದು. ಆಷಾಢದಲ್ಲಿ ಬಾಗಿಲು ಹಿಡಿಯುತ್ತದೆಂದು ಹತ್ತರಿ ಹೊಡೆದು ಅಂಚನ್ನು ಇಳಿಸಿದರೆ ಫಾಲ್ಗುಣದ ಹೊತ್ತಿಗೆ ಎರಡು ಕದಗಳ ನಡುವೆ ಬೆರಳು ತೂರುವಷ್ಟು ಬಿರುಕು ಬಿಡುತ್ತದೆ, ಆಗ ಬಾಗಿಲೇ ಕೆಟ್ಟಿತು ಎಂಬ ತೀರ್ಮಾನಕ್ಕೆ ಬರಲಾಗುತ್ತದೆ. ಅಂಚು ಇಳಿಸುವ ಕೆಲಸವನ್ನು ಬೇಸಿಗೆಯವರೆಗೆ ಮುಂದೂಡಿ, ಅಲ್ಲಿಯವರೆಗೆ ಉಜ್ಜುವ ಜಾಗಕ್ಕೆ ಮೇಣ ಸವರಿ ನಡೆಸಿಕೊಳ್ಳುವುದು ಮೇಲು.

ದುರಸ್ತಿಯ ಲೆಕ್ಕ

ಕೊಳೆತ ಬುಡವನ್ನಷ್ಟೇ ಕತ್ತರಿಸಿ ಹೊಸ ಮರದ ತುಂಡನ್ನು ಕೂಡಿಸುವ ಕೆಲಸಕ್ಕೆ ಓರೆ ಜೋಡಣೆ ಬೇಕು, ಎಂದರೆ ಹಳೆಯ ಮತ್ತು ಹೊಸ ಮರಗಳೆರಡನ್ನೂ ಉದ್ದವಾದ ಓರೆಯಲ್ಲಿ ಕೊರೆದು ಒಂದರ ಮೇಲೊಂದು ಕೂರಿಸಿ ಅಂಟು ಮತ್ತು ಸ್ಕ್ರೂ ಅಥವಾ ಮರದ ಗೂಟಗಳಿಂದ ಬಿಗಿಯುವುದು. ಅಡ್ಡಕ್ಕೆ ನೇರವಾಗಿ ಕೊರೆದು ಕೆಳಗೊಂದು ತುಂಡನ್ನು ಇಟ್ಟು ಪಕ್ಕಕ್ಕೆ ಕಬ್ಬಿಣದ ಪಟ್ಟಿ ಹೊಡೆಯುವ ಪದ್ಧತಿ ಅಗ್ಗವಾದರೂ ಕದದ ಎಳೆತಕ್ಕೆ ಬೇಗ ಸಡಿಲವಾಗುತ್ತದೆ. ಓರೆಯ ಉದ್ದ ಮರದ ಅಗಲದ ಎರಡೂವರೆ ಮೂರು ಪಟ್ಟಾದರೂ ಇರಬೇಕೆಂಬುದು ಬಡಗಿಗಳ ವಾಡಿಕೆಯ ಲೆಕ್ಕ. ಐದು ಅಂಗುಲ ಅಗಲದ ನಿಲುವಿಗೆ ಓರೆಯೇ ಒಂದಡಿಗೂ ಮಿಕ್ಕಿ ಹಿಡಿಯುವುದರಿಂದ ಒಂದು ಗೇಣು ಕೊಳೆತಿದ್ದರೂ ಎರಡಡಿ ಉದ್ದದ ತುಂಡು ಬೇಕಾಗುತ್ತದೆ. ಓರೆಯ ಇಳಿಜಾರು ಹೊರಮುಖಕ್ಕೆ ಇಳಿಯುವಂತಿದ್ದರೆ ನೀರು ಜೋಡಣೆಯೊಳಗೆ ನಿಲ್ಲುವುದಿಲ್ಲ. ಇದನ್ನು ಕೆಲಸ ಶುರುವಾಗುವ ಮೊದಲೇ ಬಡಗಿಯೊಡನೆ ಮಾತಾಡಿ ಖಚಿತಪಡಿಸಿಕೊಳ್ಳಬೇಕು.

ಮರದ ಪ್ರಮಾಣವನ್ನು ಕಂಡುಕೊಳ್ಳುವ ಸೂತ್ರ ಸರಳ. ಮಾರಾಟದ ಘಟಕ ಘನ ಅಡಿ, ಅಂಗಡಿಯ ಮಾತಿನಲ್ಲಿ ಸಿಎಫ್‌ಟಿ. ಅಗಲ ಮತ್ತು ದಪ್ಪವನ್ನು ಅಂಗುಲದಲ್ಲಿ ಗುಣಿಸಿ, ಅದನ್ನು ಅಡಿಯಲ್ಲಿರುವ ಉದ್ದದಿಂದ ಗುಣಿಸಿ, 144ರಿಂದ ಭಾಗಿಸಿದರೆ ಘನ ಅಡಿ ಸಿಗುತ್ತದೆ. ಐದು ಅಂಗುಲ ಅಗಲ, ನಾಲ್ಕು ಅಂಗುಲ ದಪ್ಪ, ನಾಲ್ಕಡಿ ಉದ್ದದ ಹೊಸ್ತಿಲಿಗೆ ಸುಮಾರು 0.56 ಘನ ಅಡಿ, ಎರಡೆರಡು ಅಡಿಯ ಎರಡು ತುಂಡುಗಳಿಗೆ ಇನ್ನೊಂದು 0.56, ಕೊರೆತದ ನಷ್ಟ ಸೇರಿಸಿ ಒಂದೂವರೆ ಘನ ಅಡಿ ಕೊಂಡರೆ ಸಾಕು. ಮುಂದಿನ ಲೆಕ್ಕಗಳಲ್ಲಿ ಮರಕ್ಕೆ ಘನ ಅಡಿಗೆ 3,000 ರೂಪಾಯಿ, ಬಡಗಿಯ ದಿನಗೂಲಿ 1,200, ಗಾರೆ ಮೇಸ್ತ್ರಿ ಮತ್ತು ಸಹಾಯಕನಿಗೆ ಸೇರಿ ದಿನಕ್ಕೆ 1,700 ಎಂದು ಹಿಡಿಯಲಾಗಿದೆ. ಇವು ಲೆಕ್ಕದ ರೀತಿಯನ್ನು ತೋರಿಸಲು ಇಟ್ಟುಕೊಂಡ ಅಂಕಿಗಳಷ್ಟೇ ಆಗಿರುವುದರಿಂದ ಓದುಗರು ತಮ್ಮ ಊರಿನ ಅಂದಿನ ದರಗಳನ್ನು ಈ ಜಾಗದಲ್ಲಿ ಹಾಕಿಕೊಳ್ಳಬೇಕು. ಈ ದರದಲ್ಲಿ ದುರಸ್ತಿಗೆ ಮರ 4,500, ಬಡಗಿಯ ಮೂರು ದಿನದ ಕೂಲಿ 3,600, ಮೇಸ್ತ್ರಿಯ ಒಂದು ದಿನ ಮತ್ತು ಸುಣ್ಣ ಮರಳು ಸೇರಿ 2,200, ಅಂಟು ಸ್ಕ್ರೂಗಳಿಗೆ 600, ಎಣ್ಣೆ ಬಳಿಯಲು 800, ಒಟ್ಟು 11,700 ರೂಪಾಯಿ.

ಇದೇ ದಾರಂದ ಮತ್ತು ಕದಗಳನ್ನು ಪೂರ್ತಿ ಹೊಸದಾಗಿ ಮಾಡಿಸುವುದಾದರೆ ಚಿತ್ರ ಬದಲಾಗುತ್ತದೆ. ಏಳಡಿಯ ಎರಡು ನಿಲುವು, ನಾಲ್ಕಡಿಯ ಹೊಸ್ತಿಲು ಮತ್ತು ಅಡ್ಡಮರ ಸೇರಿ 22 ಅಡಿ. 5×4 ಅಂಗುಲದ ಮರದಲ್ಲಿ ಅದು 3.06 ಘನ ಅಡಿ, ನಷ್ಟ ಸೇರಿ ಮೂರೂವರೆ. ಮೂರಡಿ ಅಗಲ, ಆರೂವರೆ ಅಡಿ ಎತ್ತರ, ಒಂದೂವರೆ ಅಂಗುಲ ದಪ್ಪದ ಕದಕ್ಕೆ ಲೆಕ್ಕದಲ್ಲಿ 2.44 ಘನ ಅಡಿ ಬಂದರೂ ಹತ್ತರಿ ಹೊಡೆದು ನಯಗೊಳಿಸುವಾಗ, ಗಂಟು ಮತ್ತು ಬಿರುಕುಗಳನ್ನು ಬಿಟ್ಟು ಕೊರೆಯುವಾಗ ಆಗುವ ನಷ್ಟದಿಂದ ಮೂರಾದರೂ ಬೇಕು. ಒಟ್ಟು ಆರೂವರೆ ಘನ ಅಡಿಗೆ 19,500, ಮಿಲ್ಲಿನ ಕೊರೆತಕ್ಕೆ 1,000, ಕೆತ್ತನೆಯಿಲ್ಲದ ಸಾದಾ ಕೆಲಸಕ್ಕೆ ಬಡಗಿಯ ಏಳು ದಿನ 8,400, ಬಿಜಾಗರಿ ಚಿಲಕ ಬೀಗಗಳಿಗೆ 5,000, ಪಾಲಿಶ್‌ಗೆ 3,500, ಹಳೆಯದನ್ನು ಕಿತ್ತು ಹೊಸದನ್ನು ಗೋಡೆಗೆ ಕೂರಿಸುವ ಗಾರೆ ಕೆಲಸಕ್ಕೆ 5,000 ಎಂದಾದರೆ ಮೊತ್ತ 42,400 ರೂಪಾಯಿ. ಮರದ ದರ ಘನ ಅಡಿಗೆ 6,000 ಆದರೆ ಉಳಿದದ್ದೆಲ್ಲ ಹಾಗೇ ಇದ್ದರೂ 61,900 ಆಗುತ್ತದೆ. ಗೋಡೆ ದಪ್ಪವಾಗಿದ್ದು ಹಳೆಯ ದಾರಂದ 8×4 ಅಂಗುಲದ್ದಾಗಿದ್ದರೆ ದಾರಂದಕ್ಕೇ ಹತ್ತಿರ ಹತ್ತಿರ ಐದು ಘನ ಅಡಿ ಬೇಕು. ಹಳೆಯ ಮನೆಗಳಲ್ಲಿ ಕದಕ್ಕಿಂತ ದಾರಂದವೇ ದುಬಾರಿಯಾಗುವುದು ಇದರಿಂದಲೇ ಸ್ಪಷ್ಟವಾಗುತ್ತದೆ. ಹಾಗಾಗಿ ಉಳಿಸಿಕೊಳ್ಳುವ ಪ್ರಯತ್ನವೂ ಮೊದಲು ಅಲ್ಲಿಯೇ ನಡೆಯಬೇಕು.

ಇನ್ನೊಂದು ಕಾರಣವೂ ಇದೆ. ಹಳೆಯ ದಾರಂದಗಳ ಮರ ಹೆಚ್ಚಾಗಿ ದೊಡ್ಡ ಸುತ್ತಳತೆಯ, ಕೆಚ್ಚೇ ತುಂಬಿದ ಮರ. ಇಂದು ನೆಡುತೋಪಿನಲ್ಲಿ ಎಳೆಯದಾಗಿ ಕಡಿದ ಸಾಗುವಾನಿಯಲ್ಲಿ ಬಿಳಿಯ ಪಾಲು ಹೆಚ್ಚಿರುತ್ತದೆ. ಅರ್ಧ ಶತಮಾನ ಒಣಗಿ ಸ್ಥಿರವಾದ ಮರವನ್ನು ಸೌದೆಗೆ ಹಾಕಿ ಅದರ ಜಾಗಕ್ಕೆ ಹಸಿ ಮರವನ್ನು ತರುವುದರಲ್ಲಿ ಹಣದ ನಷ್ಟಕ್ಕಿಂತ ಮಿಗಿಲಾದ ನಷ್ಟವಿದೆ.

ಮರದ ಆಯ್ಕೆ

ತಲೆಬಾಗಿಲು ಎಂದರೆ ಸಾಗುವಾನಿಯೇ ಎಂಬ ಭಾವನೆ ಈಚಿನದು. ಕರಾವಳಿ ಮತ್ತು ಮಲೆನಾಡಿನ ಹಳೆಯ ಮನೆಗಳ ಬಾಗಿಲುಗಳಲ್ಲಿ ಹಲಸು, ಹೆಬ್ಬಲಸು, ಹೊನ್ನೆ, ಮತ್ತಿ, ನಂದಿ, ಬೋಗಿ ಮೊದಲಾದವು ಧಾರಾಳವಾಗಿ ಕಾಣುತ್ತವೆ. ಸಾಗುವಾನಿಯ ಹಿರಿಮೆ ಅದರ ಗಡಸಿನಲ್ಲಿಲ್ಲ, ಒಣಗಿದ ಮೇಲೆ ತಿರುಚದೆ ನಿಲ್ಲುವುದರಲ್ಲಿ ಮತ್ತು ತನ್ನದೇ ಎಣ್ಣೆಯಿಂದ ಗೆದ್ದಲನ್ನು ದೂರವಿಡುವುದರಲ್ಲಿದೆ. ಆ ಗುಣವೂ ಕೆಚ್ಚಿನದೇ ಹೊರತು ಬಿಳಿಯದಲ್ಲ. ಹಲಸಿನ ಕೆಚ್ಚು ಹೊಸದರಲ್ಲಿ ಹಳದಿಯಾಗಿದ್ದು ಕ್ರಮೇಣ ಕಂದಾಗುತ್ತದೆ, ಗೆದ್ದಲಿಗೆ ಸುಲಭವಾಗಿ ಬಗ್ಗುವುದಿಲ್ಲ, ಹತ್ತರಿಗೂ ಉಳಿಗೂ ಒಗ್ಗುತ್ತದೆ, ಬೆಲೆಯೂ ಸಾಗುವಾನಿಗಿಂತ ಕಡಿಮೆ. ಹಳೆಯ ಮನೆಯ ದಾರಂದ ಹಲಸಿನದೇ ಆಗಿದ್ದರೆ ತುಂಡು ಕೂಡಿಸುವುದಕ್ಕೂ ಹಲಸನ್ನೇ ಹುಡುಕುವುದು ಸರಿ, ಏಕೆಂದರೆ ಎರಡು ಜಾತಿಯ ಮರಗಳು ತೇವಕ್ಕೆ ಬೇರೆ ಬೇರೆ ಪ್ರಮಾಣದಲ್ಲಿ ಉಬ್ಬಿ ಕುಗ್ಗುವುದರಿಂದ ಜೋಡಣೆ ಬಿರಿಯುವ ಸಂಭವ ಹೆಚ್ಚು. ಮತ್ತಿ ಗಟ್ಟಿಯಾದರೂ ಒಣಗುವಾಗ ಬಿರುಕು ಬಿಡುವ ಸ್ವಭಾವದ್ದು. ದಾರಂದಕ್ಕೆ ಒಗ್ಗಬಹುದು, ಕದಕ್ಕೆ ಅಷ್ಟಾಗಿ ಅಲ್ಲ.

ಅಂಗಡಿಯಲ್ಲಿ ಬರ್ಮಾ ತೇಗ, ಎಂದರೆ ಮ್ಯಾನ್ಮಾರಿನ ಸಾಗುವಾನಿ, ಎಂಬ ಹೆಸರಿನಲ್ಲಿ ಹೆಚ್ಚು ಬೆಲೆ ಹೇಳಿದಾಗ ಎಚ್ಚರ ಬೇಕು. ಮ್ಯಾನ್ಮಾರ್ 2014ರ ಏಪ್ರಿಲ್‌ನಿಂದ ದುಂಡುಮರದ ರಫ್ತನ್ನು ನಿಷೇಧಿಸಿದೆ, ಆಫ್ರಿಕಾ ಮತ್ತು ಲ್ಯಾಟಿನ್ ಅಮೆರಿಕದ ನೆಡುತೋಪುಗಳ ತೇಗ ಭಾರತದ ಮಾರುಕಟ್ಟೆಗೆ ದೊಡ್ಡ ಪ್ರಮಾಣದಲ್ಲಿ ಬರುತ್ತಿದೆ. ಪಾಲಿಶ್ ಹಾಕಿದ ಮೇಲೆ ಇವುಗಳ ವ್ಯತ್ಯಾಸ ಸಾಮಾನ್ಯ ಕಣ್ಣಿಗೆ ತಿಳಿಯುವುದಿಲ್ಲ. ಮರದ ಜಾತಿಯ ಬಗ್ಗೆಯೇ ಸಂಶಯವಿದ್ದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಕೇಂದ್ರ ಸರ್ಕಾರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಶುಲ್ಕ ಪಡೆದು ಮಾದರಿಯನ್ನು ಗುರುತಿಸಿಕೊಡುತ್ತಾರೆ. ಒಂದೇ ಬಾಗಿಲಿಗೆ ಅದು ಅತಿಯೆನಿಸಬಹುದು. ಇಡೀ ಮನೆಯ ಮರ ಕೊಳ್ಳುವಾಗ ಅತಿಯಲ್ಲ. ದಾಂಡೇಲಿಯಂಥ ಕಡೆಗಳಲ್ಲಿ ಅರಣ್ಯ ಇಲಾಖೆಯ ನಾಟಾ ಸಂಗ್ರಹಾಲಯಗಳು ಹರಾಜಿನ ಮೂಲಕ ಮರ ಮಾರುತ್ತವೆಯಾದರೂ ದಿಮ್ಮಿಗಳನ್ನು ರಾಶಿಯ ಲೆಕ್ಕದಲ್ಲಿ ಕೊಳ್ಳಬೇಕಾಗುವುದರಿಂದ ಒಂದು ಬಾಗಿಲಿಗಾಗಿ ಹೋಗುವವರಿಗೆ ಆ ದಾರಿ ಸುಲಭವಲ್ಲ. ಎಲ್ಲಿಯೇ ಕೊಂಡರೂ ಹೇಳಿದ ದರದಲ್ಲಿ ಶೇ. 18ರ ಜಿಎಸ್‌ಟಿ ಸೇರಿದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು, ಬಿಲ್ಲನ್ನು ತಪ್ಪದೆ ಪಡೆಯಬೇಕು.

ತೋಟದಲ್ಲೇ ಒಂದು ಹಲಸಿನ ಮರವಿದೆ, ಅದನ್ನೇ ಕೊಯ್ಸಿದರಾಯಿತು ಎಂಬ ಆಲೋಚನೆ ಹಳ್ಳಿಯ ಮನೆಗಳಲ್ಲಿ ಸಹಜ. ದಿಮ್ಮಿಯ ಅಳತೆಯಲ್ಲಿ ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ ಉದ್ದದಿಂದ ಗುಣಿಸುವ ರೂಢಿಯಿದೆ. ನಾಲ್ಕಡಿ ಸುತ್ತಳತೆ, ಎಂಟಡಿ ಉದ್ದದ ದಿಮ್ಮಿ ಈ ಲೆಕ್ಕದಲ್ಲಿ ಎಂಟು ಘನ ಅಡಿ. ಅದರ ನಿಜವಾದ ಗಾತ್ರ ಹತ್ತು ಘನ ಅಡಿಗೆ ತುಸು ಹೆಚ್ಚೇ ಇದ್ದರೂ ತೊಗಟೆ, ಬಿಳಿ, ಗರಗಸದ ಹುಡಿ ಕಳೆದು ಕೈಗೆ ಸಿಗುವ ಕೊರೆದ ಮರ ಐದಾರು ಘನ ಅಡಿ ಮಾತ್ರ, ಎಂದರೆ ಮೇಲೆ ಹೇಳಿದ ಒಂದು ಬಾಗಿಲಿಗೆ ಅಷ್ಟಕ್ಕಷ್ಟೆ. ಸ್ವಂತ ಜಾಗದ ಮರವಾದರೂ ಕಡಿಯುವ ಮೊದಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಡಿ ಅನುಮತಿ ಬೇಕೇ ಎಂದು ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ವಿಚಾರಿಸಬೇಕು. ಸಿಲ್ವರ್ ಓಕ್, ರಬ್ಬರ್, ತೆಂಗಿನಂಥ ಕೆಲವಕ್ಕೆ ವಿನಾಯಿತಿಯಿದ್ದರೂ ಎಲ್ಲಕ್ಕೂ ಇಲ್ಲ, ಬೀಟೆ ಮತ್ತು ಶ್ರೀಗಂಧದ ನಿಯಮಗಳು ಇನ್ನೂ ಬಿಗಿಯಾಗಿವೆ. ಮಿಲ್ಲಿಗೆ ಸಾಗಿಸಲು ಸಾಗಾಣಿಕೆ ಪರವಾನಗಿ ಬೇಕಾಗುವ ಮರಗಳೂ ಇವೆ. ಕೊರೆಸಿದ ಹಲಗೆಗಳನ್ನು ನೆರಳಿನಲ್ಲಿ, ನಡುವೆ ರೀಪು ಕೊಟ್ಟು, ಗಾಳಿಯಾಡುವಂತೆ ಅಟ್ಟಿ ಹಾಕಿ ಒಣಗಿಸಬೇಕು. ಕದದ ಹಲಗೆಗೆ ಕಡೇಪಕ್ಷ ಒಂದು ಪೂರ್ತಿ ಬೇಸಿಗೆ, ದಾರಂದದ ದಪ್ಪ ಮರಕ್ಕೆ ವರ್ಷಕ್ಕೂ ಮಿಕ್ಕಿ ಕಾಯಬೇಕಾಗುತ್ತದೆ. ಇಲ್ಲಿ ಅವಸರ ಮಾಡಿದರೆ ಮೂರಡಿ ಅಗಲದ ಹಲಗೆಯ ಬಾಗಿಲು ಒಂದೇ ವರ್ಷದಲ್ಲಿ ಅರ್ಧ ಅಂಗುಲದಷ್ಟು ಕುಗ್ಗುವುದು ಆಶ್ಚರ್ಯವಲ್ಲ. ತೇವ ಅಳೆಯುವ ಪುಟ್ಟ ಮೀಟರ್ ಅನೇಕ ಬಡಗಿಗಳ ಬಳಿ ಈಗ ಇರುತ್ತದೆ. ಕರಾವಳಿಯ ಹವೆಯಲ್ಲಿ ಅದು ಶೇ. 12ರಿಂದ 15ರ ನಡುವೆ ತೋರಿಸಿದರೆ ಕೆಲಸಕ್ಕೆ ಕೈ ಹಾಕಬಹುದು.

ಹಳೆಯ ಮನೆಗಳನ್ನು ಬಿಚ್ಚಿದ ಮರ ಮಾರುವ ಅಂಗಡಿಗಳಲ್ಲಿ ಇಡೀ ಬಾಗಿಲುಗಳೇ ಸಿಗುತ್ತವೆ. ಮರ ಒಣಗಿ ಹದವಾಗಿರುವುದು ಇದರ ದೊಡ್ಡ ಅನುಕೂಲ, ಅಳತೆ ಹೊಂದದಿರುವುದು ದೊಡ್ಡ ತೊಡಕು. ದೊಡ್ಡ ಬಾಗಿಲನ್ನು ಕುಗ್ಗಿಸಿ ಕೂರಿಸಬಹುದಾದರೂ ಚಿಕ್ಕದನ್ನು ಹಿಗ್ಗಿಸಲಾಗದು. ಕೊಳ್ಳುವಾಗ ಬಿಜಾಗರಿ ಕೂರಿಸಿದ ಜಾಗದ ಮರ, ಮೊಳೆಗಳ ಸುತ್ತಲಿನ ತುಕ್ಕು, ಕೆಳಗಿನ ಅಂಚು ಇವಿಷ್ಟನ್ನು ನೋಡಿದರೆ ಸಾಕು.

ಗೋಡೆಯೊಳಗಿನ ಖರ್ಚು

ಅಂದಾಜುಪಟ್ಟಿಯಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುವ ಗಾರೆ ಕೆಲಸವೇ ಹಳೆಯ ಮನೆಗಳಲ್ಲಿ ಅನೇಕ ವೇಳೆ ಅಂದಾಜನ್ನು ಮೀರುತ್ತದೆ. ಈಗಿನ ಮನೆಗಳಲ್ಲಿ ಬಾಗಿಲಿನ ಮೇಲಿನ ಗೋಡೆಯ ಭಾರವನ್ನು ಕಾಂಕ್ರೀಟಿನ ಲಿಂಟಲ್ ಹೊರುತ್ತದೆ, ಎಂದರೆ ತೆರವಿನ ಎರಡೂ ಬದಿಯ ಗೋಡೆಗೆ ತುದಿಗಳನ್ನು ಊರಿ ಅಡ್ಡಲಾಗಿ ಕೂತ ತೊಲೆ. ದಾರಂದವನ್ನು ಕಿತ್ತರೂ ಗೋಡೆಗೆ ಏನೂ ಆಗುವುದಿಲ್ಲ. ಮಣ್ಣಿನ ಅಥವಾ ಮುರಕಲ್ಲಿನ ಹಳೆಯ ಗೋಡೆಗಳಲ್ಲಿ ಆ ಕೆಲಸವನ್ನು ದಾರಂದದ ಮೇಲೆ ಇಟ್ಟ ದಪ್ಪ ಹಲಗೆಗಳು ಮಾಡುತ್ತವೆ, ಕೆಲವು ಕಡೆ ದಾರಂದದ ಅಡ್ಡಮರವೇ ಮಾಡುತ್ತದೆ. ಅಂಥಲ್ಲಿ ಆಸರೆ ಕೊಡದೆ ನಿಲುವನ್ನು ಎಳೆದರೆ ಮೇಲಿನ ಗೋಡೆ ಜಗ್ಗಿ, ಅದರ ಮೇಲೆ ಕೂತ ಮಾಡಿನ ಮರಗಳು ಸರಿದು, ಹೆಂಚು ಜಾರುವವರೆಗೆ ಹೋಗಬಹುದು. ಗೋಡೆಯ ಎರಡೂ ಬದಿಯಲ್ಲಿ ಕಂಬ ನಿಲ್ಲಿಸಿ, ಬಾಗಿಲಿನ ಮೇಲೆ ಗೋಡೆಯನ್ನು ತೂತು ಮಾಡಿ ಅಡ್ಡಲಾಗಿ ಹಾಯಿಸಿದ ತೊಲೆಗಳ ಮೇಲೆ ಭಾರವನ್ನು ಹೊರಿಸಿದ ನಂತರವೇ ಕೀಳುವ ಕೆಲಸ ಆರಂಭವಾಗಬೇಕು. ಇದಕ್ಕೆ ಒಂದು ದಿನ ಹೆಚ್ಚು ಹಿಡಿಯುತ್ತದೆ. ಆ ದಿನದ ಕೂಲಿಯನ್ನು ಉಳಿಸಲು ಹೊರಡುವ ಗುತ್ತಿಗೆದಾರನಿಗೆ ಹಳೆಯ ಮನೆಯನ್ನು ಒಪ್ಪಿಸಬಾರದು.

ಹಳೆಯ ಬಾಗಿಲು ಗಿಡ್ಡ, ತಲೆ ತಗ್ಗಿಸಿ ನಡೆಯಬೇಕು, ಹೇಗೂ ಹೊಸದು ಹಾಕಿಸುತ್ತಿರುವುದರಿಂದ ಎತ್ತರಿಸೋಣ ಎಂಬ ಮಾತು ಬಂದಲ್ಲಿ ಖರ್ಚಿನ ಸ್ವರೂಪವೇ ಬೇರೆಯಾಗುತ್ತದೆ. ಒಂದಡಿ ಎತ್ತರಿಸುವುದೆಂದರೆ ಭಾರ ಹೊತ್ತ ಹಲಗೆಗಳನ್ನು ತೆಗೆದು ಮೇಲಕ್ಕೆ ಹೊಸ ಲಿಂಟಲ್ ಕೂರಿಸುವುದು. ಮೇಲೆ ಮಾಡಿನವರೆಗೆ ಉಳಿಯುವ ಗೋಡೆ ಎರಡಡಿಗಿಂತ ಕಡಿಮೆಯಾದರೆ ಕೆಲಸದ ಮೊದಲು ಎಂಜಿನಿಯರ್ ಒಬ್ಬರಿಗೆ ತೋರಿಸುವುದು ಅಗತ್ಯ. ವಯಸ್ಸಾದವರು ಎಡವುತ್ತಾರೆಂಬ ಕಾರಣಕ್ಕೆ ಹೊಸ್ತಿಲನ್ನು ತಗ್ಗಿಸುವ ಬೇಡಿಕೆ ಮಾತ್ರ ನ್ಯಾಯವಾದದ್ದು. ಹಾಗೆ ಮಾಡುವಲ್ಲಿ ಜಗಲಿಯ ನೆಲವನ್ನು ಹೊರಕ್ಕೆ ಇಳಿಜಾರು ಮಾಡಿ, ಹೊಸ್ತಿಲಿನ ಕೆಳಗೆ ಗ್ರಾನೈಟ್ ಪಟ್ಟಿಯೊಂದನ್ನು ಕೊಟ್ಟರೆ ನೀರು ಒಳಬರುವುದಿಲ್ಲ.

ದಾರಂದವನ್ನು ಗೋಡೆಗೆ ಹಿಡಿಸಲು ಹೋಲ್ಡ್‌ಫಾಸ್ಟ್ ಎಂಬ ಕಬ್ಬಿಣದ ಪಟ್ಟಿಗಳನ್ನು ಬದಿಗೆ ಮೂರರಂತೆ ಹೂಳುವುದು ವಾಡಿಕೆ. ಮಣ್ಣಿನ ಗೋಡೆಯಲ್ಲಿ ಅವುಗಳ ಸುತ್ತ ಸಿಮೆಂಟ್ ಕಾಂಕ್ರೀಟ್ ತುಂಬಿದರೆ ಗಟ್ಟಿ ಗಡ್ಡೆಯೊಂದು ಮೆತ್ತನೆಯ ಗೋಡೆಯಲ್ಲಿ ಬಿಡಿಯಾಗಿ ಕೂತು, ಬಾಗಿಲು ಬಡಿದಂತೆಲ್ಲ ಅದರ ಸುತ್ತ ಬಿರುಕು ಬಿಡುತ್ತದೆ. ಸುಣ್ಣ ಬೆರೆಸಿದ ಗಾರೆಯಲ್ಲಿ ಇಟ್ಟಿಗೆ ಚೂರು ಸೇರಿಸಿ ತುಂಬುವುದು ಅಂಥ ಗೋಡೆಗೆ ಹೊಂದುತ್ತದೆ. ಗೋಡೆಗೆ ತಾಗುವ ಮರದ ಮೈಗೆ, ಮುಖ್ಯವಾಗಿ ಕೊರೆದ ತುದಿಗಳಿಗೆ, ಕೂರಿಸುವ ಮೊದಲೇ ಗೆದ್ದಲುನಿರೋಧಕ ಬಳಿಯಬೇಕು; ಕರಾವಳಿಯಲ್ಲಿ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಇದೇ ಉದ್ದೇಶಕ್ಕೆ ಬಹುಕಾಲದಿಂದ ಬಳಸುತ್ತಾರೆ. ಅದು ಚರ್ಮಕ್ಕೆ ತಾಗಿದರೆ ಸುಡುವುದರಿಂದ ಕೈಗವಸು ಬೇಕು.

ಉಕ್ಕು, ಡಬ್ಲ್ಯುಪಿಸಿ (ಮರದ ಹುಡಿ ಮತ್ತು ಪ್ಲಾಸ್ಟಿಕ್ ಬೆರೆಸಿದ್ದು), ಪ್ಲೈವುಡ್ಡಿನ ಫ್ಲಶ್ ಬಾಗಿಲು ಎಂಬ ಪರ್ಯಾಯಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸಿದ್ಧ ಬಾಗಿಲುಗಳು ಆರೂವರೆಯಿಂದ ಏಳಡಿ ಎತ್ತರದ ತೆರವಿಗೆಂದು ತಯಾರಾಗುತ್ತವೆ, ಹಳೆಯ ಮನೆಯ ತೆರವು ಐದೂವರೆ ಅಡಿಯಷ್ಟೇ ಇರುವುದುಂಟು. ಬಾಗಿಲಿಗಾಗಿ ಗೋಡೆ ಒಡೆಯುವ ಖರ್ಚನ್ನು ಸೇರಿಸಿದಾಗ ಅವುಗಳ ಅಗ್ಗತನ ಉಳಿಯುವುದಿಲ್ಲ. ಕರಾವಳಿಯ ಉಪ್ಪುಗಾಳಿಯಲ್ಲಿ ಉಕ್ಕಿನ ಬಾಗಿಲು ಬಣ್ಣ ಎದ್ದ ಕಡೆಯಿಂದ ತುಕ್ಕು ಹಿಡಿಯುತ್ತದೆ. ಮಳೆಯ ಎರಚಲು ಬೀಳುವ ತಲೆಬಾಗಿಲಿಗೆ ಪ್ಲೈವುಡ್ಡಿನ ಬಾಗಿಲನ್ನು ಹಾಕಲೇಬೇಕಾದಲ್ಲಿ ನೀರು ತಡೆಯುವ ದರ್ಜೆಯದ್ದನ್ನೇ ಕೇಳಿ, ಕೆಳಗಿನ ಕೊರೆದ ಅಂಚಿಗೆ ಬಣ್ಣ ಬಳಿಸದೆ ತೂಗಹಾಕಲು ಬಿಡಬಾರದು.

ಕದ, ಕಬ್ಬಿಣ, ಕೆತ್ತನೆ

ಹಳೆಯ ಕದಗಳಲ್ಲಿ ಬಿಜಾಗರಿಯೇ ಇಲ್ಲದವು ಇವೆ: ಹಲಗೆಯ ಮೇಲೆ ಕೆಳಗೆ ಬಿಟ್ಟ ಗೂಟಗಳು ಅಡ್ಡಮರ ಮತ್ತು ಹೊಸ್ತಿಲಿನ ಕುಳಿಗಳಲ್ಲಿ ಕೂತು ತಿರುಗುತ್ತವೆ. ಕೆಳಗಿನ ಗೂಟ ಸವೆದಾಗ ಕದ ಜೋತು ನೆಲಕ್ಕೆ ಉಜ್ಜುತ್ತದೆ. ಆ ಗೂಟಕ್ಕೆ ಹೊಸ ಮರ ಕೂಡಿಸಿ, ಕುಳಿಯಲ್ಲಿ ಕಬ್ಬಿಣದ ಬಿಲ್ಲೆಯೊಂದನ್ನು ಇಟ್ಟರೆ ಬಡಗಿಯ ಅರ್ಧ ದಿನದ ಕೂಲಿಯಲ್ಲಿ ಮುಗಿಯುವ ಕೆಲಸಕ್ಕೆ ಕದವನ್ನೇ ಬದಲಾಯಿಸಿದ ಮನೆಗಳು ಕಡಿಮೆಯಿಲ್ಲ. ಇಂಥ ಬಾಗಿಲುಗಳ ರಚನೆ, ಅಗಳಿಯ ಜೋಡಣೆ, ಕುಳಿಯ ಸ್ಥಾನ ಇವನ್ನು ಹತ್ತಿರದಿಂದ ನೋಡಬಯಸುವವರಿಗೆ ವಿಜಯನಾಥ ಶೆಣೈ ಅವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಮರಳಿ ನಿಲ್ಲಿಸಿದ ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮ ಅತ್ಯುತ್ತಮ ಸ್ಥಳ. ಬಾಗಿಲು ಮಾಡಿಸುವವರು ಬಡಗಿಯೊಡನೆ ಒಮ್ಮೆ ಅಲ್ಲಿಗೆ ಹೋಗಿಬಂದರೆ ಬೇಕಾದದ್ದನ್ನು ವಿವರಿಸುವ ಶ್ರಮ ಬಹಳಷ್ಟು ತಪ್ಪುತ್ತದೆ.

ಹೊಸ ಕದವನ್ನು ಒಂದೇ ಹಾಳೆಯಂತೆ ಹಲಗೆ ಅಂಟಿಸಿ ಮಾಡಿಸುವುದಕ್ಕಿಂತ ಚೌಕಟ್ಟಿನ ನಡುವೆ ತೆಳು ಹಲಗೆಗಳು ಕೂರುವ ಪ್ಯಾನೆಲ್ ಬಾಗಿಲು ಮಾಡಿಸುವುದು ಮೇಲು. ನಡುವಿನ ಹಲಗೆಗಳನ್ನು ಚೌಕಟ್ಟಿನಲ್ಲಿ ತೋಡಿದ ಸೀಳುಗಳಲ್ಲಿ ಅಂಟಿಲ್ಲದೆ ಕೂರಿಸುವುದರಿಂದ ಅವು ಉಬ್ಬಿ ಕುಗ್ಗಲು ಜಾಗವಿದ್ದು ಇಡೀ ಕದ ಸೊಟ್ಟಗಾಗುವುದಿಲ್ಲ. ಸಾಗುವಾನಿಯ ಒಂಟಿ ಕದ 35ರಿಂದ 40 ಕಿಲೋ ತೂಗುವುದರಿಂದ ಐದು ಅಂಗುಲದ ನಾಲ್ಕು ಬಿಜಾಗರಿ ಬೇಕು. ಕರಾವಳಿಯಲ್ಲಿ ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲಿನದನ್ನೇ ಕೊಳ್ಳಬೇಕು, ಸ್ಕ್ರೂಗಳೂ ಅದೇ ಲೋಹದವಾಗಿರಬೇಕು. ಹಳೆಯ ಚಿಲಕ, ಕಡಗ, ಅಗಳಿಗಳನ್ನು ಕೀಳುವಾಗ ಜೋಪಾನವಾಗಿ ತೆಗೆದಿಟ್ಟು ಹೊಸ ಕದಕ್ಕೆ ಕೂರಿಸಲು ಖರ್ಚೇನೂ ಇಲ್ಲ, ಅದೇ ಮಾದರಿಯದನ್ನು ಹೊಸದಾಗಿ ಎರಕ ಹೊಯ್ಯಿಸಲು ಖರ್ಚಿದೆ.

ಕೆತ್ತನೆಗೆ ಒಂದು ದರವೆಂಬುದಿಲ್ಲ. ಅಡ್ಡಮರದ ನಡುವೆ ಗಜಲಕ್ಷ್ಮಿಯನ್ನೋ ಗಣಪತಿಯನ್ನೋ ಕೆತ್ತಿಸುವ ರೂಢಿ ಎಲ್ಲೆಡೆ ಇದೆ. ಯಂತ್ರದಲ್ಲಿ ಕೊರೆದ ಕೆತ್ತನೆ ಕೈಗೆಲಸಕ್ಕಿಂತ ಬಹಳ ಅಗ್ಗವಾಗಿರುವುದು ನಿಜವಾದರೂ ಅದರ ಇಳಿಜಾರುಗಳು ಒಂದೇ ಆಳದಲ್ಲಿ ನಿಂತು ನೆರಳು ಮೂಡುವುದಿಲ್ಲ. ಸಾಗರ, ಸೊರಬದ ಗುಡಿಗಾರ ಮನೆತನಗಳ ಕುಶಲಿಗಳು ಇಂದಿಗೂ ಉಳಿಯಿಂದ ಕೆತ್ತುತ್ತಾರೆ. ಕದದ ತುಂಬ ಯಂತ್ರದ ಕೆತ್ತನೆ ಮಾಡಿಸುವ ಹಣದಲ್ಲಿ ಅಡ್ಡಮರದ ಒಂದು ಗೇಣನ್ನು ಅವರ ಕೈಯಲ್ಲಿ ಕೆತ್ತಿಸಿ ಉಳಿದದ್ದನ್ನು ಸಾದಾ ಬಿಡುವುದು ಹಳೆಯ ಮನೆಗೆ ಒಪ್ಪುತ್ತದೆ. ಹಳೆಯ ಕೆತ್ತನೆಯ ಮೇಲೆ ಪದರು ಪದರಾಗಿ ಬಣ್ಣ ಕೂತಿದ್ದರೆ ಒಣಗಿದ್ದಂತೆಯೇ ಉಜ್ಜಿ ತೆಗೆಯಬಾರದು. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಮಿತಿಯನ್ನು ಹತ್ತು ಲಕ್ಷದಲ್ಲಿ 90 ಭಾಗಕ್ಕೆ ಇಳಿಸಿದ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣಗಳ ಧೂಳಿನಲ್ಲಿ ಸೀಸ ಇರಬಹುದಾದ್ದರಿಂದ ಒದ್ದೆ ಮಾಡಿ ಹೆರೆಯಬೇಕು, ಚಿಕ್ಕ ಮಕ್ಕಳನ್ನು ದೂರವಿಡಬೇಕು.

ದಾರಂದ ನಿಲ್ಲಿಸುವ ಮುಹೂರ್ತ, ಪೂಜೆ, ಬಡಗಿಗೆ ಕೊಡುವ ಅಕ್ಕಿ ಕಾಯಿ ವೀಳ್ಯ ವಸ್ತ್ರ ದಕ್ಷಿಣೆಗಳು ಪದ್ಧತಿಯಿರುವ ಮನೆಗಳಲ್ಲಿ ಖರ್ಚಿನ ಭಾಗವೇ ಆಗಿವೆ, ಅಂದಾಜಿನಲ್ಲಿ ಅವನ್ನೂ ಬರೆದಿಟ್ಟುಕೊಳ್ಳಬೇಕು. ಕೆಲಸಕ್ಕೆ ಹದವಾದ ಕಾಲ ಸಂಕ್ರಾಂತಿಯಿಂದ ಯುಗಾದಿಯವರೆಗಿನದು: ಗೋಡೆ ಒಣಗಿರುತ್ತದೆ, ಮರ ಕುಗ್ಗಿ ತನ್ನ ನಿಜವಾದ ಅಳತೆಯ ಹತ್ತಿರ ಇರುತ್ತದೆ, ಬಳಿದ ಎಣ್ಣೆಯನ್ನು ಬೇಗ ಹೀರುತ್ತದೆ. ಬಡಗಿಯೊಡನೆ ಒಪ್ಪಂದವನ್ನು ಕಾಗದದ ಮೇಲೆ ಬರೆದುಕೊಳ್ಳುವುದು ಇಬ್ಬರಿಗೂ ಹಿತ. ಮರದ ಜಾತಿ, ಹತ್ತರಿ ಹೊಡೆದ ನಂತರ ಉಳಿಯಬೇಕಾದ ದಪ್ಪ, ಬಿಳಿಗೆ ಅವಕಾಶವಿದೆಯೇ ಇಲ್ಲವೇ, ಆಸರೆ ಕೊಡುವ ಹೊಣೆ ಯಾರದು, ಉಳಿದ ತುಂಡುಗಳು ಯಾರಿಗೆ ಎಂಬವು ಅದರಲ್ಲಿ ಇರಬೇಕು. ಮರದ ಹಣವನ್ನು ನೇರವಾಗಿ ಅಂಗಡಿಗೆ ಕೊಟ್ಟು, ಕೂಲಿಯನ್ನು ಕೆಲಸ ಸಾಗಿದಂತೆ ಕೊಡುತ್ತ ಬಂದು, ಹತ್ತರಲ್ಲೊಂದು ಪಾಲನ್ನು ಮಳೆಗಾಲ ಕಳೆಯುವವರೆಗೆ ಉಳಿಸಿಕೊಳ್ಳುವುದಾಗಿ ಮೊದಲೇ ಮಾತಾಗಿದ್ದರೆ, ದೀಪಾವಳಿಯ ಹೊತ್ತಿಗೆ ಬಡಗಿ ಮರಳಿ ಬಂದು ಬಿಜಾಗರಿ ಬಿಗಿದು ಅಂಚು ಸರಿಪಡಿಸಿ ಉಳಿದ ಹಣವನ್ನು ಪಡೆದುಕೊಳ್ಳುತ್ತಾನೆ.